ರಜಾ ಚೀಟಿಯ ಇಂಗ್ಲಿಷ್

ಸಿಂಧನೂರಿನ ಬಸ್ ನಿಲ್ದಾಣದ ಹೊರಗೆ ಒಮ್ಮೆ ಒಗ್ಗರಣೆ-ಮಿರ್ಚಿ ತಿಂದು ಕೈ ಒರೆಸಿಕೊಳ್ಳುವಾಗ ನೋಡಿದರೆ, ಮಿರ್ಚಿ ಕಟ್ಟಿಕೊಟ್ಟದ್ದು ಯಾವುದೋ ಹೈಸ್ಕೂಲ್ ಹುಡುಗಿಯ ನೋಟ್‌ಬುಕ್ಕಿನ ಹಾಳೆ. ಎಣ್ಣೆ ಹೀರಿ ಆಚೆಬದಿಯ ಅಕ್ಷರವೂ ಈಚೆಗೆ ಕಾಣುತ್ತಿತ್ತು. ದುಂಡಗಿನ ಇಂಗ್ಲಿಷ್ ಬರಹ: ‘ಆ್ಯಸ್ ಐ ಆ್ಯಮ್ ಸಫರಿಂಗ್ ಫ್ರಮ್ ಫೀವರ್, ಕೈಂಡ್ಲಿ ಗ್ರಾಂಟ್ ಮಿ ಲೀವ್.’ ಕೆಳಗೆ ಕೆಂಪು ಇಂಕಿನ ಒಂದು ಗುರುತು, ಒಂದು ತಾರೀಖು. ಒಂದೂ ತಪ್ಪಿಲ್ಲ. ಇರುವುದು ಹೇಗೆ? ಅದು ಅವಳ ವಾಕ್ಯವೇ ಅಲ್ಲ. ಅವಳ ಅಕ್ಕ ಬರೆದದ್ದೂ ಅದೇ, ಅವಳ ಮಾಸ್ತರು ತಮ್ಮ ಸಾಲಿಯಲ್ಲಿ ಬರೆದದ್ದೂ ಅದೇ. ನಮ್ಮ ಕಡೆಯ ಮೂರು ತಲೆಮಾರು ಇಂಗ್ಲಿಷ್‌ನಲ್ಲಿ ಬರೆದ ಏಕೈಕ ಸಂಗತಿ ಎಂದರೆ ಜ್ವರ.

ಸಿಂಧನೂರು, ಲಿಂಗಸುಗೂರು, ಮಸ್ಕಿ: ರಾಯಚೂರು ಜಿಲ್ಲೆಯ ಈ ಮೂರು ತಾಲೂಕುಗಳ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಇಂಗ್ಲಿಷ್ ಬರವಣಿಗೆ ಎಂಬುದು ಯಾವ ಸ್ಥಿತಿಯಲ್ಲಿದೆ, ಅದಕ್ಕೆ ಹಿಂದಿನ ಕಾರಣಗಳೇನು, ಬೇರೆ ಕಡೆಯವರು ಏನು ಮಾಡಿ ನೋಡಿದ್ದಾರೆ, ನಮಗೆ ಒಗ್ಗುವುದು ಯಾವುದು ಎಂದು ಒಮ್ಮೆ ಪೂರ್ತಿಯಾಗಿ ನೋಡುವ ಪ್ರಯತ್ನವಿದು. ‘ಸ್ಪೋಕನ್ ಇಂಗ್ಲಿಷ್’ ಎಂಬ ಬೋರ್ಡು ಈ ಮೂರೂ ಪಟ್ಟಣಗಳಲ್ಲಿ ಕಣ್ಣಿಗೆ ಬೀಳುತ್ತದೆ. ಬರೆಯುವುದನ್ನು ಕಲಿಸುತ್ತೇವೆ ಎಂಬ ಬೋರ್ಡು ನನಗಂತೂ ಕಂಡಿಲ್ಲ. ಮಾತು ಬಂದರೆ ಬರಹ ತಾನೇ ಬರುತ್ತದೆಂದು ನಂಬಿಕೆ. ಹಾಗಿದ್ದರೆ ಕನ್ನಡ ಮಾತಾಡುವ ನಾವೆಲ್ಲ ಕನ್ನಡದಲ್ಲಿ ಒಂದು ಪುಟ ಸಲೀಸಾಗಿ ಬರೆಯಬೇಕಿತ್ತು.

ಕರ್ನಾಟಕದ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಮೊದಲು ಐದನೇ ತರಗತಿಯಿಂದ ಇಂಗ್ಲಿಷ್ ಇತ್ತು. 2007-08ರಿಂದ ಒಂದನೇ ತರಗತಿಗೇ ಬಂತು. ಅಂದರೆ ಈಗ ಹತ್ತನೇ ತರಗತಿಯ ಮಗು ಹತ್ತು ವರ್ಷ ಇಂಗ್ಲಿಷ್ ಓದಿರುತ್ತದೆ. ಹತ್ತು ವರ್ಷದಲ್ಲಿ ಅದು ಬರೆದ ಹಾಳೆಗಳನ್ನು ಕೂಡಿಸಿದರೆ ಒಂದು ಚೀಲ ತುಂಬೀತು. ಅದರಲ್ಲಿ ಇರುವುದೇನು? ನಾಲ್ಕು ಗೆರೆಯ ಕಾಪಿ, ಉಕ್ತಲೇಖನ, ಹೊಸ ಪದಗಳನ್ನು ಐದೈದು ಸಲ ಬರೆದದ್ದು, ಬೋರ್ಡಿನ ಮೇಲಿನ ಪ್ರಶ್ನೋತ್ತರ, ಗೈಡಿನ ಪ್ರಬಂಧ. ತರಗತಿಯಲ್ಲಿ ‘ನೀವೇ ಬರೀರಿ’ ಎಂದರೆ ತಪ್ಪದೆ ಕೇಳಿಬರುವ ಮಾತು: ‘ಬೋರ್ಡ್ ಮ್ಯಾಲ ಬರೀರಿ ಸರ, ನೋಡ್ಕೊಂಡು ಬರ್ಕೊಂತೀವಿ.’ ಮತ್ತೊಂದು: ‘ಎಷ್ಟು ಲೈನ್ ಬರೀಬೇಕ್ರೀ ಸರ?’ ಏನನ್ನು ಬರೀಬೇಕು ಎಂದು ಯಾರೂ ಕೇಳುವುದಿಲ್ಲ, ಏಕೆಂದರೆ ಅದು ಮೊದಲೇ ಎಲ್ಲೋ ಬರೆದಿಟ್ಟದ್ದು ಎಂಬುದು ಮಕ್ಕಳಿಗೆ ಗೊತ್ತು.

ಎಸ್ಸೆಸ್ಸೆಲ್ಸಿಯ ದ್ವಿತೀಯ ಭಾಷೆ ಇಂಗ್ಲಿಷ್ ಪತ್ರಿಕೆ 80 ಅಂಕದ್ದು, ಉಳಿದ 20 ಆಂತರಿಕ. ಅದರಲ್ಲಿ ಬರವಣಿಗೆಗೆ ಜಾಗ ಕಡಿಮೆಯೇನಿಲ್ಲ. ಸುಳಿವು ಕೊಟ್ಟು ಕಥೆ ಬೆಳೆಸುವುದು, ಚಿತ್ರ ನೋಡಿ ವಿವರಿಸುವುದು, ವಿವರಗಳಿಂದ ಒಬ್ಬರ ಪರಿಚಯ ಬರೆಯುವುದು, ಪ್ರಬಂಧ, ಪತ್ರ. ಕಾಗದದ ಮೇಲೆ ನೋಡಿದರೆ ಒಳ್ಳೆಯ ಯೋಜನೆಯೇ. ಆದರೆ ಜನವರಿ ಬಂದರೆ ‘ಪಾಸಿಂಗ್ ಪ್ಯಾಕೇಜ್’ ಬರುತ್ತದೆ. ಹಿಂದುಳಿದ ಮಕ್ಕಳು ಪಾಸಾಗಲು ಇಷ್ಟಾದರೂ ಬರಲಿ ಎಂದು ಮಾಡಿದ ಗಂಟು ಅದು. ಪತ್ರವಾದರೆ ಮೇಲೆ ‘ಫ್ರಮ್’, ಕೆಳಗೆ ‘ಟು’, ಬಲಕ್ಕೆ ತಾರೀಖು, ಕೊನೆಗೆ ‘ಯುವರ್ಸ್ ಫೇತ್‌ಫುಲಿ’; ಒಳಗೆ ಏನಿಲ್ಲದಿದ್ದರೂ ಚೌಕಟ್ಟಿಗೆ ಅಂಕ ಬರುತ್ತದೆ. ಚಿತ್ರ ಯಾವುದೇ ಇರಲಿ, ‘ದಿಸ್ ಈಸ್ ಎ ಬ್ಯೂಟಿಫುಲ್ ಪಿಕ್ಚರ್’ ಎಂದು ಶುರು ಮಾಡುವುದು. ಅಪಘಾತದ ಚಿತ್ರ ಬಂದರೂ ಅದು ಬ್ಯೂಟಿಫುಲ್ಲೇ. ಇದನ್ನು ಹೇಳಿಕೊಡುವ ಶಿಕ್ಷಕರನ್ನು ನಾನು ಹಳಿಯಲಾರೆ. ಫಲಿತಾಂಶ ಕುಸಿದರೆ ಕಾರಣ ಕೇಳಿ ನೋಟಿಸು ಬರುವುದು ಅವರಿಗೇ.

2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಸಾಕ್ಷರತೆ ನೂರಕ್ಕೆ 59.56, ರಾಜ್ಯದ್ದು 75.36. ಈ ಮಕ್ಕಳಲ್ಲಿ ಬಹಳಷ್ಟು ಮಂದಿಯ ಮನೆಯಲ್ಲಿ ಯಾವ ಭಾಷೆಯಲ್ಲೂ ಬರೆಯುವವರನ್ನು ಕಂಡ ರೂಢಿಯಿಲ್ಲ. ಹತ್ತಿ ಬಿಡಿಸುವ ಹಂಗಾಮು ಬಂದರೆ ಹಿಂದಿನ ಬೆಂಚುಗಳು ಖಾಲಿ. ಅವ್ವ-ಅಪ್ಪ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋದರೆ ಮಗು ಅಜ್ಜಿಯ ಹತ್ತಿರ ಇಲ್ಲವೇ ಬೆಂಗಳೂರಿನ ಶೆಡ್ಡಿನಲ್ಲಿ. ಆಮೇಲೆ ಬಂದು ನಡುವಿನ ಪಾಠಗಳನ್ನು ಗೆಳತಿಯ ನೋಟ್‌ಬುಕ್ ನೋಡಿ ಇಳಿಸಿಕೊಳ್ಳುತ್ತದೆ. ಸಾಲಿ ತಪ್ಪಿದ ಆ ದಿನಗಳಲ್ಲಿ ಅದು ಕಂಡದ್ದು, ದುಡಿದದ್ದು, ಎಣಿಸಿದ ಕೂಲಿ, ಇದಾವುದೂ ಬರವಣಿಗೆಯ ವಸ್ತುವಾಗುವುದಿಲ್ಲ. ಪ್ರಬಂಧಕ್ಕೆ ಕೊಡುವುದು ‘ಮೃಗಾಲಯಕ್ಕೆ ಭೇಟಿ’.

ಇಲ್ಲಿ ಮಸ್ಕಿಯ ಗುಡ್ಡದ ಕಡೆ ಸ್ವಲ್ಪ ಹೊರಳಬೇಕು. ದೂರದ ಭಾಷೆಯೊಂದು ಬರಹದ ರೂಪದಲ್ಲಿ ಈ ನೆಲಕ್ಕೆ ಇಳಿದದ್ದು ಇಂಗ್ಲಿಷಿನಿಂದ ಶುರುವಾದದ್ದಲ್ಲ. 1915ರಲ್ಲಿ ಚಿನ್ನದ ಅದಿರು ಹುಡುಕುತ್ತಿದ್ದ ಸಿ. ಬೀಡನ್ ಎಂಬ ಎಂಜಿನಿಯರನಿಗೆ ಸಿಕ್ಕ ಇಲ್ಲಿನ ಬಂಡೆಗಲ್ಲಿನ ಶಾಸನ ಲೋಕಪ್ರಸಿದ್ಧವಾದದ್ದು ‘ಅಶೋಕ’ ಎಂಬ ಹೆಸರಿನಿಂದ. ಅದುವರೆಗೆ ಓದಿದ್ದ ಶಾಸನಗಳಲ್ಲೆಲ್ಲ ‘ದೇವಾನಾಂಪ್ರಿಯ’ ಎಂಬಂಥ ಬಿರುದುಗಳಷ್ಟೇ ಇದ್ದವು. ಬಿರುದಿನ ಜೊತೆಗೆ ಹೆಸರನ್ನೂ ಕೊಟ್ಟು ಇಬ್ಬರೂ ಒಬ್ಬನೇ ಎಂದು ನಿಶ್ಚಯಿಸಿದ್ದು ನಮ್ಮ ಮಸ್ಕಿ. ಇದು ಶಾಲೆಯ ಮಕ್ಕಳಿಗೂ ಬಾಯಿಪಾಠ. ಆದರೆ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ ಎಂಬುದನ್ನು ಒಂದಂಕದ ಉತ್ತರವಾಗಿ ಬರೆದು ಮುಂದೆ ಹೋಗಿಬಿಡುತ್ತೇವೆ. ಇಲ್ಲಿಯವರ ಮನೆಮಾತಲ್ಲದ ಭಾಷೆಯಲ್ಲಿ, ಚಿಕ್ಕವರು ದೊಡ್ಡವರೆನ್ನದೆ ಎಲ್ಲರಿಗೂ ತಿಳಿಯಲಿ ಎಂಬ ಆಶಯದ ಮಾತನ್ನು ಕಲ್ಲಿನ ಮೇಲೆ ಕೆತ್ತಿಸಿದ್ದರು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಕಡೆ ಇಂಥದೇ ಶಾಸನ ಬರೆದ ಚಪಡ ಎಂಬ ಲಿಪಿಕಾರನಿದ್ದಾನೆ. ಇಡೀ ಶಾಸನವನ್ನು ಬ್ರಾಹ್ಮಿಯಲ್ಲಿ ಬರೆದವನು ಕೊನೆಗೆ ತಾನು ಲಿಪಿಕಾರ ಎಂಬುದನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬರೆದ. ಅಪ್ಪಣೆಯ ಬರಹ ಮುಗಿಸಿ ತನ್ನದೊಂದು ಪದ ಬರೆದುಕೊಂಡ ಆ ಮನುಷ್ಯನ ಮೇಲೆ ನನಗೆ ಬಹಳ ಪ್ರೀತಿ. ಎರಡು ಸಾವಿರದ ಇನ್ನೂರು ವರ್ಷ ಹಳೆಯ ಈ ನೋಟ್‌ಬುಕ್ಕಿನಲ್ಲಿ ನಕಲಲ್ಲದ ಒಂದು ಪದವಾದರೂ ಇದೆ.

ಆಮೇಲೆ ಎರಡು ನದಿಗಳ ನಡುವಿನ ಈ ದೋಆಬಿನ ಕಚೇರಿಗಳ ಭಾಷೆ ಬದಲಾಗುತ್ತಲೇ ಹೋಯಿತು. ಬಹಮನಿ, ಆದಿಲಶಾಹಿಗಳ ಕಾಲಕ್ಕೆ ಫಾರ್ಸಿ. ನಿಜಾಮರ ಕಾಲಕ್ಕೆ ಮೊದಲು ಫಾರ್ಸಿ, ನಂತರ ಉರ್ದು. 1918ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯ ಕಲಿಸಿದ್ದೂ ಉರ್ದುವಿನಲ್ಲೇ. 1853ರಿಂದ 1860ರವರೆಗೆ ರಾಯಚೂರು ದೋಆಬು ಇಂಗ್ಲಿಷರ ಕೈಯಲ್ಲಿತ್ತು, ಲಿಂಗಸುಗೂರಿನಲ್ಲಿ ದಂಡು ಇತ್ತು. ಮೇಲಿನಿಂದ ಯಾವ ಭಾಷೆ ಇಳಿದರೂ ಊರಿನವರು ಮಾಡಿದ್ದು ಒಂದೇ: ಅರ್ಜಿ ಬರೆಯುವವನೊಬ್ಬನನ್ನು ಹುಡುಕಿದರು. ತಹಸೀಲ್ದಾರ್ ಕಚೇರಿಯ ಮುಂದೆ ಮರದ ಕೆಳಗೆ ಕುಳಿತ ಬಾಂಡ್ ರೈಟರ್ ಇಂದಿಗೂ ಆ ಪರಂಪರೆಯವನೇ. ಬರೆಯುವುದು ಎಂದರೆ ಕಾಸು ಕೊಟ್ಟು ಬರೆಸುವುದು, ಕೆಳಗೆ ಸಹಿ ಇಲ್ಲವೇ ಹೆಬ್ಬೆಟ್ಟು ಒತ್ತುವುದು. ನಮ್ಮ ಮಕ್ಕಳು ಗೈಡಿನಿಂದ ಪತ್ರ ಇಳಿಸಿ ಕೆಳಗೆ ತಮ್ಮ ಹೆಸರು ಬರೆಯುವಾಗ ಅದು ಅವರ ಸೋಮಾರಿತನ ಎಂದು ನಾವು ಬೈಯುತ್ತೇವೆ. ಶತಮಾನಗಳಿಂದ ನಡೆದುಬಂದ ಪದ್ಧತಿಯನ್ನು ಅವರು ಪಾಲಿಸುತ್ತಿದ್ದಾರೆ, ಅಷ್ಟೆ.

ಹೊರಗಿನವರು ಈ ಗಂಟನ್ನು ಹೇಗೆ ಬಿಚ್ಚಲು ನೋಡಿದರು? ಮೊದಲು ನಮ್ಮದೇ ರಾಜ್ಯದ ಕಥೆ. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಎಂಬವರ ಮುಂದಾಳತನದಲ್ಲಿ ಬೆಂಗಳೂರು, ಮದ್ರಾಸು ಕಡೆಯ ಕೆಲವು ಶಾಲೆಗಳಲ್ಲಿ ಒಂದು ಪ್ರಯೋಗ ನಡೆಯಿತು. ವ್ಯಾಕರಣದ ಪಾಠಪಟ್ಟಿಯನ್ನು ಪಕ್ಕಕ್ಕಿಟ್ಟು ಮಕ್ಕಳಿಗೆ ಕೆಲಸ ಕೊಟ್ಟರು: ರೈಲಿನ ವೇಳಾಪಟ್ಟಿ ನೋಡಿ ಯಾವ ಗಾಡಿ ಹಿಡಿಯಬೇಕೆಂದು ಹೇಳುವುದು, ನಕ್ಷೆ ನೋಡಿ ದಾರಿ ಕಂಡುಹಿಡಿಯುವುದು. ಮನಸ್ಸು ಅರ್ಥದ ಮೇಲಿದ್ದರೆ ಭಾಷೆಯ ರೂಪ ಹಿಂದಿನಿಂದ ಬರುತ್ತದೆ ಎಂಬುದು ಪ್ರಭು ಅವರ ನಂಬಿಕೆ. 1987ರಲ್ಲಿ ಅವರು ಬರೆದ ಪುಸ್ತಕದಿಂದ ‘ಬೆಂಗಳೂರು ಯೋಜನೆ’ ಎಂಬ ಹೆಸರು ಜಗತ್ತಿನ ಇಂಗ್ಲಿಷ್ ಬೋಧನೆಯ ಪಠ್ಯಗಳಲ್ಲೆಲ್ಲ ಸೇರಿತು. ಲಂಡನ್ನಿನಲ್ಲಿ ಶಿಕ್ಷಕ ತರಬೇತಿ ಪಡೆಯುವವರಿಗೆ ಗೊತ್ತಿರುವ ಈ ಯೋಜನೆಯನ್ನು ಲಿಂಗಸುಗೂರಿನ ಶಿಕ್ಷಕರೊಬ್ಬರಿಗೆ ಹೇಳಿದರೆ ‘ಹೌದೇನ್ರಿ, ನಮ್ಮಲ್ಲೇನು?’ ಎಂದು ಕೇಳಿದರು. ಆದರೆ ಆ ಪ್ರಯೋಗದಲ್ಲಿ ಓದುವುದು, ಲೆಕ್ಕಹಾಕುವುದು, ಉತ್ತರ ಹೇಳುವುದು ಹೆಚ್ಚು. ತನ್ನ ಅನುಭವವನ್ನು ತಾನೇ ಬರೆಯುವುದು ಅದರ ಮುಖ್ಯ ಗುರಿಯಾಗಿರಲಿಲ್ಲ.

ಅದನ್ನು ಗುರಿ ಮಾಡಿಕೊಂಡವನು ಫ್ರಾನ್ಸಿನ ಹಳ್ಳಿ ಮೇಷ್ಟ್ರು ಸೆಲೆಸ್ತಾಂ ಫ್ರೆನೆ. ಮೊದಲ ಮಹಾಯುದ್ಧದಲ್ಲಿ ಶ್ವಾಸಕೋಶಕ್ಕೆ ಗಾಯವಾಗಿ ಹೆಚ್ಚು ಹೊತ್ತು ಗಟ್ಟಿಯಾಗಿ ಪಾಠ ಹೇಳಲಾಗದೆ ಹೋದ ಆತ 1920ರ ದಶಕದಲ್ಲಿ ತರಗತಿಗೆ ಒಂದು ಸಣ್ಣ ಅಚ್ಚಿನ ಯಂತ್ರ ತಂದಿಟ್ಟ. ಮಕ್ಕಳು ಹೊಳೆಯ ಬಗ್ಗೆ, ಕುರಿಯ ಬಗ್ಗೆ, ಅಪ್ಪನ ಕೆಲಸದ ಬಗ್ಗೆ ತಾವೇ ಬರೆದರು, ತಾವೇ ಮೊಳೆ ಜೋಡಿಸಿ ಅಚ್ಚು ಹಾಕಿದರು, ದೂರದ ಮತ್ತೊಂದು ಶಾಲೆಗೆ ಕಳಿಸಿದರು. ಅಲ್ಲಿಂದ ಉತ್ತರ ಬಂತು. ಮೊಳೆ ಜೋಡಿಸುವಾಗ ಕಾಗುಣಿತದ ತಪ್ಪು ಕಣ್ಣಿಗೆ ಬೀಳುತ್ತದೆ. ಓದುವ ಹುಡುಗ ಬೇರೆ ಊರಿನವನಾದ್ದರಿಂದ ತಪ್ಪು ಉಳಿದರೆ ಮಾನ ಹೋಗುತ್ತದೆ. ತಿದ್ದುವ ಕೆಲಸವನ್ನು ಕೆಂಪು ಇಂಕಿನಿಂದ ಕಿತ್ತು ನಾಚಿಕೆಗೆ ಒಪ್ಪಿಸಿದ ಜಾಣ ಆತ.

ಇಟಲಿಯ ಬಾರ್ಬಿಯಾನ ಎಂಬ ಗುಡ್ಡಗಾಡಿನ ಹಳ್ಳಿಯಲ್ಲಿ ಪಾದ್ರಿ ಲೊರೆಂಜೊ ಮಿಲಾನಿ ನಡೆಸುತ್ತಿದ್ದ ಶಾಲೆಯದು ಇನ್ನೊಂದು ದಾರಿ. ಪರೀಕ್ಷೆಯಲ್ಲಿ ಫೇಲಾದ ರೈತರ ಮಕ್ಕಳು ಅಲ್ಲಿ ಸೇರಿ ಒಬ್ಬ ಶಿಕ್ಷಕಿಗೆ ಬರೆದ ಪತ್ರ 1967ರಲ್ಲಿ ಪುಸ್ತಕವಾಗಿ ಬಂದು ಜಗತ್ತಿನ ಹಲವು ಭಾಷೆಗಳಿಗೆ ಹೋಯಿತು. ಅದನ್ನು ಒಬ್ಬ ಬರೆಯಲಿಲ್ಲ. ಹೊಳೆದದ್ದನ್ನೆಲ್ಲ ಒಂದೊಂದು ಚೀಟಿಯಲ್ಲಿ ಬರೆದು, ಚೀಟಿಗಳನ್ನು ಹರಡಿ, ಒಂದೇ ಮಾತು ಎರಡು ಸಲ ಬಂದರೆ ತೆಗೆದು, ಗುಂಪು ಮಾಡಿ, ಜೋಡಿಸಿ, ಅನಗತ್ಯ ಪದವೊಂದೂ ಉಳಿಯದಂತೆ ಕತ್ತರಿಸಿದರು. ಅರವತ್ತು ಮಕ್ಕಳ ತರಗತಿಗೆ ಇದಕ್ಕಿಂತ ಹೊಂದುವ ಪದ್ಧತಿ ನನಗೆ ತಿಳಿಯದು. ಲೆಕ್ಕ ಹಾಕಿ ನೋಡಿ: ಅರವತ್ತು ನೋಟ್‌ಬುಕ್, ಒಂದೊಂದಕ್ಕೆ ಐದು ನಿಮಿಷ, ಒಂದು ಪ್ರಬಂಧ ತಿದ್ದಲು ಐದು ಗಂಟೆ. ಅದೇ ಅರವತ್ತು ಮಂದಿ ಆರು ಗುಂಪಾಗಿ ಆರು ಬರಹ ಮಾಡಿದರೆ ಅರ್ಧ ಗಂಟೆ.

ತಿದ್ದುವುದರ ಬಗ್ಗೆ ಪಂಡಿತರಲ್ಲೇ ಜಗಳವಿದೆ. ಅಮೆರಿಕದಲ್ಲಿ 1971ರಲ್ಲಿ ಜಾನೆಟ್ ಎಮಿಗ್, 1972ರಲ್ಲಿ ಡೊನಾಲ್ಡ್ ಮರ್ರೆ ಬರವಣಿಗೆಯನ್ನು ಸಿದ್ಧ ವಸ್ತುವಾಗಿ ನೋಡಬೇಡಿ, ಅದು ಆಗುವ ಬಗೆಯನ್ನು ನೋಡಿ ಎಂದರು. ಕರಡು, ಮತ್ತೆ ಕರಡು, ಆಮೇಲೆ ತಿದ್ದುಪಡಿ. 1996ರಲ್ಲಿ ತೈವಾನಿನಲ್ಲಿ ಕಲಿಸುತ್ತಿದ್ದ ಜಾನ್ ಟ್ರಸ್ಕಾಟ್ ಇನ್ನೂ ಮುಂದೆ ಹೋಗಿ, ಎರಡನೇ ಭಾಷೆಯ ಬರಹದಲ್ಲಿ ವ್ಯಾಕರಣ ತಿದ್ದುವುದರಿಂದ ಲಾಭವೇ ಇಲ್ಲ, ಕೇಡೇ ಹೆಚ್ಚು ಎಂದು ಬರೆದ. 1999ರಲ್ಲಿ ಡೇನಾ ಫೆರಿಸ್ ಅದಕ್ಕೆ ಎದುರು ನಿಂತು, ಹೇಗೆ ತಿದ್ದುತ್ತೀರಿ ಎಂಬುದರ ಮೇಲೆ ಎಲ್ಲ ನಿಂತಿದೆ ಎಂದಳು. ಈ ವಾದ ಇನ್ನೂ ಮುಗಿದಿಲ್ಲ. ನನ್ನ ಒಲವು ಫೆರಿಸಳ ಕಡೆಗೆ, ಆದರೆ ಒಂದು ಷರತ್ತಿನ ಮೇಲೆ. ಮಸ್ಕಿಯ ಹುಡುಗ ತನ್ನದೇ ಮೂರು ವಾಕ್ಯ ಬರೆದ ದಿನ ಅದರಲ್ಲಿ ಹನ್ನೊಂದು ತಪ್ಪಿದ್ದರೆ ಹನ್ನೊಂದನ್ನೂ ಸುತ್ತುಹಾಕಿ ಕೊಡುವವನು ನಾಲ್ಕನೇ ವಾಕ್ಯ ಬರದಂತೆ ಮಾಡುತ್ತಾನೆ. ಒಂದು ತಪ್ಪು ಆರಿಸಿ, ಅದೊಂದನ್ನೇ ಆ ವಾರ ತರಗತಿಗೆಲ್ಲ ಹೇಳಿ.

ಆ ತಪ್ಪುಗಳೂ ಬೇಕಾಬಿಟ್ಟಿ ಬಂದವಲ್ಲ. ‘ಎದ್ದು, ಮುಖ ತೊಳಕೊಂಡು, ರೊಟ್ಟಿ ತಿಂದು ಸಾಲಿಗೆ ಬಂದೆ’ ಎಂದರೆ ಕನ್ನಡದಲ್ಲಿ ಕೊನೆಗೆ ಒಂದೇ ಪೂರ್ಣ ಕ್ರಿಯಾಪದ. ಉಳಿದವೆಲ್ಲ ಅದಕ್ಕೆ ಕೊಂಡಿ ಹಾಕಿಕೊಂಡು ನಡೆಯುತ್ತವೆ. ಇಂಗ್ಲಿಷಿನಲ್ಲಿ ಇದಕ್ಕೆ ಸರಿಯಾದ ಕೊಂಡಿ ಸಿಗದೆ ಮಗು ‘ಆ್ಯಂಡ್, ಆ್ಯಂಡ್, ಆ್ಯಂಡ್’ ಎನ್ನುತ್ತದೆ. ‘ಎ’, ‘ದಿ’ ಎಂಬ ಪುಟ್ಟ ಪದಗಳಿಗೆ ಕನ್ನಡದಲ್ಲಿ ಜೊತೆಯಿಲ್ಲ, ಅವು ಬಿದ್ದುಹೋಗುತ್ತವೆ. ಹೇಳಿದಂತೆ ಬರೆಯುವ ಲಿಪಿಯಲ್ಲಿ ಬೆಳೆದವರಿಗೆ ಹೇಳುವುದೊಂದು ಬರೆಯುವುದೊಂದು ಆದ ಇಂಗ್ಲಿಷ್ ಕಾಗುಣಿತ ಅನ್ಯಾಯವೆಂದೇ ಕಾಣುತ್ತದೆ. ಸಿಂಧನೂರಿನಲ್ಲಿ ಇದು ಇನ್ನೂ ಒಂದು ಸುತ್ತು ಹೆಚ್ಚು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನ ಹಿಂದೆ ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪುಗಳಲ್ಲಿ ಮನೆಮಾತು ತೆಲುಗು. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದವರಿಗೆ ಸರ್ಕಾರ ಜಾಗ ಕೊಟ್ಟ ಆರ್.ಎಚ್. ಕ್ಯಾಂಪುಗಳಲ್ಲಿ ಬಂಗಾಳಿ. ಲಿಂಗಸುಗೂರು, ಮಸ್ಕಿಯ ತಾಂಡಾಗಳಲ್ಲಿ ಲಂಬಾಣಿ, ಮುದಗಲ್ಲಿನ ಓಣಿಗಳಲ್ಲಿ ಉರ್ದು. ಈ ಮಕ್ಕಳಿಗೆ ಶಾಲೆಯ ಕನ್ನಡವೂ ಕಲಿತ ಭಾಷೆಯೇ. ‘ಮಾತೃಭಾಷೆಯ ಪ್ರಭಾವ’ ಎಂದು ತರಬೇತಿಯಲ್ಲಿ ಹೇಳುವಾಗ ಯಾವ ಮಾತೆಯದು ಎಂದು ಕೇಳುವವರಿಲ್ಲ.

ಇನ್ನು ನಾನು ಹೇಳಬೇಕೆಂದಿರುವ ಮಾತಿಗೆ ಬರುತ್ತೇನೆ. ಈ ಮಕ್ಕಳಿಗೆ ಇಂಗ್ಲಿಷ್ ಪದಗಳು ಬಾರವು ಎಂಬ ದೂರು ಸುಳ್ಳು. ಸಿಂಧನೂರಿನ ರೈತನ ಮಾತನ್ನು ಕಿವಿಗೊಟ್ಟು ಕೇಳಿ. ಕೆನಾಲು, ಡಿಸ್ಟ್ರಿಬ್ಯೂಟರಿ, ಗೇಜು, ಗೇಟು, ಟೇಲೆಂಡು. ‘ಮೈಲ್ 69ರಾಗ ಗೇಜ್ ಬಂದಿಲ್ಲ, ಟೇಲೆಂಡಿಗೆ ನೀರು ಎಲ್ಲಿಂದ ಬರ್ತದ?’ ಎಂಬ ವಾಕ್ಯದ ಅರ್ಧ ಇಂಗ್ಲಿಷು. ಅದರಲ್ಲಿ ಒಂದು ಜಿಲ್ಲೆಯ ರಾಜಕಾರಣವೇ ಇದೆ. ಭತ್ತದ ಹಂಗಾಮಿನಲ್ಲಿ ಟ್ರ್ಯಾಕ್ಟರು, ಟ್ರೇಲರು, ಸ್ಪ್ರೇ, ಮಷಿನು, ಲೋಡು, ಕ್ವಿಂಟಲು, ರೇಟು, ಕಮಿಷನ್ ಏಜೆಂಟು, ರೈಸ್‌ಮಿಲ್ಲು. ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿ ಇದೆ; ಗಣಿ ಕಾರ್ಮಿಕನ ಮನೆಯ ಮಗು ಶಾಫ್ಟು, ಶಿಫ್ಟು, ಡ್ರಿಲ್ಲು, ಬ್ಲಾಸ್ಟಿಂಗು, ಲೆವೆಲ್ಲು ಎಂಬ ಪದಗಳನ್ನು ಅವ್ವನ ಬಾಯಲ್ಲೇ ಕೇಳಿರುತ್ತದೆ. ಮಸ್ಕಿ ತಾಲೂಕಿನ ಪಾಮನಕಲ್ಲೂರಿನಲ್ಲಿ ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ರೈತರು ತಿಂಗಳುಗಟ್ಟಲೆ ಧರಣಿ ಕುಳಿತಾಗ ‘ಫೈವ್ ಎ’ ಎಂಬ ಎರಡು ಇಂಗ್ಲಿಷ್ ಪದ ಓದು ಬಾರದ ಮುದುಕಿಯರ ಬಾಯಲ್ಲೂ ಇದ್ದವು. ಪಠ್ಯಪುಸ್ತಕದ ಕೊನೆಯ ಶಬ್ದಪಟ್ಟಿಗಿಂತ ಇದು ದೊಡ್ಡ ಪದಸಂಪತ್ತು. ಶಾಲೆಯ ಇಂಗ್ಲಿಷಿಗೂ ಈ ಇಂಗ್ಲಿಷಿಗೂ ಪರಿಚಯವೇ ಇಲ್ಲ, ಅಷ್ಟೆ. ಟೇಲೆಂಡ್ ಎಂಬುದನ್ನು ದಿನಾ ಹೇಳುವ ಹುಡುಗನಿಗೆ ಟೇಲ್ ಎಂದರೆ ಬಾಲ, ಎಂಡ್ ಎಂದರೆ ಕೊನೆ, ಕಾಲುವೆಯನ್ನು ಒಂದು ಪ್ರಾಣಿಯಂತೆ ಕಂಡು ಇಟ್ಟ ಹೆಸರಿದು ಎಂದು ಹೇಳಿ ನೋಡಿ. ಅವನ ಕಣ್ಣು ಅಗಲವಾಗುವುದನ್ನು ನಾನು ಕಂಡಿದ್ದೇನೆ.

ಅಲ್ಲಿಂದ ಬರವಣಿಗೆ ಶುರುವಾಗಬೇಕು. ನ್ಯೂಜಿಲೆಂಡಿನಲ್ಲಿ ಮಾವೊರಿ ಮಕ್ಕಳಿಗೆ ಕಲಿಸಿದ ಸಿಲ್ವಿಯಾ ಆ್ಯಷ್ಟನ್-ವಾರ್ನರ್ 1963ರ ತನ್ನ ಪುಸ್ತಕದಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ: ಮಗುವಿನ ಭಯ, ಪ್ರೀತಿಗಳಿಗೆ ಅಂಟಿದ ಪದವನ್ನು ಮೊದಲು ಕೊಡಿ, ಅದು ಒಂದೇ ಸಲಕ್ಕೆ ನೆಟ್ಟು ನಿಲ್ಲುತ್ತದೆ. ನಮ್ಮಲ್ಲಿ ಆ ಪದಗಳನ್ನು ಹುಡುಕಿಕೊಂಡು ಹೋಗಬೇಕಾಗಿಯೂ ಇಲ್ಲ, ಬಾಯಲ್ಲೇ ಇವೆ. ಇಷ್ಟಕ್ಕೂ ಹತ್ತನೇ ತರಗತಿಯ ಹುಡುಗರು ಫೋನಿನಲ್ಲಿ ‘ಊಟ ಆತೇನು’, ‘ಎಲ್ಲಿ ಅದಿ’ ಎಂಬುದನ್ನೆಲ್ಲ ಇಂಗ್ಲಿಷ್ ಅಕ್ಷರಗಳಲ್ಲೇ ಒತ್ತಿ ಕಳಿಸುತ್ತಾರೆ. ನೋಟ್‌ಬುಕ್ಕಿನಲ್ಲಿ ನಡುಗುವ ಕೈ ಫೋನಿನಲ್ಲಿ ನಡುಗುವುದಿಲ್ಲ. ಅಲ್ಲಿ ಓದುವವನೊಬ್ಬನಿದ್ದಾನೆ, ಅವನು ಅಂಕ ಕೊಡುವುದಿಲ್ಲ, ಮರುಮಾತು ಕೊಡುತ್ತಾನೆ.

ಓದುವವನು ಇಲ್ಲದಿರುವುದೇ ನಮ್ಮ ಇಂಗ್ಲಿಷ್ ಬರವಣಿಗೆಯ ದೊಡ್ಡ ರೋಗ. ಪರೀಕ್ಷಕ ಓದುವವನಲ್ಲ, ಅವನಿಗೆ ಉತ್ತರ ಮೊದಲೇ ಗೊತ್ತು. ಕುವೆಂಪು ಕಥೆಯನ್ನು ನಾವು ಎಷ್ಟು ಸಲ ಹೇಳಿದ್ದೇವೆ! 1922ರಲ್ಲಿ ‘ಬಿಗಿನರ್ಸ್ ಮ್ಯೂಸ್’ ಎಂಬ ಇಂಗ್ಲಿಷ್ ಕವಿತೆಗಳ ಪುಸ್ತಿಕೆ ತಂದ ತರುಣ, ಮೈಸೂರಿಗೆ ಬಂದ ಐರಿಷ್ ಕವಿ ಜೇಮ್ಸ್ ಕಸಿನ್ಸರಿಗೆ ತನ್ನ ಕವಿತೆ ತೋರಿಸಿದ. ಅವರು ಕನ್ನಡದಲ್ಲಿ ಬರೆಯಬಾರದೇ ಎಂದು ಕೇಳಿದರು. ಇಂಗ್ಲಿಷ್ ಬಿಟ್ಟು ಕನ್ನಡ ಹಿಡಿದ ಕಥೆಯಾಗಿ ಇದನ್ನು ಓದುತ್ತೇವೆ, ಸರಿಯೇ. ನನಗೆ ಅದರಲ್ಲಿ ಮುಖ್ಯವಾಗಿ ಕಾಣುವುದು ಬೇರೆ: ಒಬ್ಬ ವಿದ್ಯಾರ್ಥಿ ಬರೆದದ್ದನ್ನು ಒಬ್ಬ ಹಿರಿಯ ಕೂತು ಓದಿದ, ಓದಿ ಒಂದು ಮಾತು ಹೇಳಿದ. ವಾಕ್ಯದ ಕೆಳಗೆ ಗೆರೆ ಎಳೆದು ಸಹಿ ಹಾಕಿ ಕಳಿಸಿದ್ದರೆ ಕನ್ನಡಕ್ಕೆ ಏನು ದಕ್ಕುತ್ತಿತ್ತೋ!

ಹಾಗಾದರೆ ಸಿಂಧನೂರಿನ ಮಗುವಿನ ಇಂಗ್ಲಿಷನ್ನು ಓದುವವರು ಯಾರು? ಮೂರು ತಾಲೂಕುಗಳ ಶಾಲೆಗಳು ಒಂದಕ್ಕೊಂದು ಪತ್ರ ಬರೆಯಲಿ ಎಂದು ಮೊದಲು ನನಗೂ ಅನ್ನಿಸಿತ್ತು. ಒಂದು ಕಡೆ ನೀರು ನಿಂತ ಭತ್ತದ ಮಡಿ, ಒಂದು ಕಡೆ ನೆಲದೊಳಗಿನ ಚಿನ್ನ, ಒಂದು ಕಡೆ ಮಳೆ ಕಾಯುವ ಒಣಬೇಸಾಯ. ಹೇಳಿಕೊಳ್ಳಲು ವಿಷಯಕ್ಕೇನೂ ಬರವಿಲ್ಲ. ಆದರೆ ಇದನ್ನು ಕೇಳಿದ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ‘ಅವರಿಗೂ ಕನ್ನಡ ಬರ್ತದಲ್ರೀ ಸರ, ಮತ್ಯಾಕ ಇಂಗ್ಲಿಷ್?’ ಎಂದಳು. ಅವಳದೇ ಸರಿ. ಕನ್ನಡದವರು ಕನ್ನಡದವರಿಗೆ ಇಂಗ್ಲಿಷಿನಲ್ಲಿ ಪತ್ರ ಬರೆಯುವುದು ಮತ್ತೊಂದು ನಾಟಕ. ಅಂಥ ಪತ್ರ ಕನ್ನಡದಲ್ಲೇ ಹೋಗಲಿ. ಅದರಿಂದ ಇಂಗ್ಲಿಷಿಗೂ ನಷ್ಟವಿಲ್ಲ: ಒಂದು ಭಾಷೆಯಲ್ಲಿ ಗಳಿಸಿದ ಬರೆಯುವ ಕಸುವು ಇನ್ನೊಂದಕ್ಕೂ ದಾಟುತ್ತದೆಂದು ಕೆನಡಾದ ಜಿಮ್ ಕಮಿನ್ಸ್ 1979ರಿಂದಲೇ ವಾದಿಸಿದ್ದಾರೆ. ಕನ್ನಡದ ಪ್ರಬಂಧವನ್ನೂ ಗೈಡಿನಿಂದಲೇ ಇಳಿಸುವ ಮಗುವಿನಿಂದ ಇಂಗ್ಲಿಷಿನಲ್ಲಿ ಸ್ವಂತ ವಾಕ್ಯ ನಿರೀಕ್ಷಿಸುವುದು ಬಾವಿ ತೋಡದೆ ಹಗ್ಗ ಇಳಿಬಿಟ್ಟಂತೆ.

ಇಂಗ್ಲಿಷಿಗೆ ನಿಜವಾದ ಓದುಗ ಇರುವುದು ಗಡಿಯ ಆಚೆ. ರಾಯಚೂರು ಗಡಿ ಜಿಲ್ಲೆ. ಒಂದು ಕಡೆ ತೆಲಂಗಾಣದ ಗದ್ವಾಲ, ಮಕ್ತಲ್, ನಾರಾಯಣಪೇಟೆ; ಇನ್ನೊಂದು ಕಡೆ ಆಂಧ್ರದ ಮಂತ್ರಾಲಯ, ಆದೋನಿ. ಅದೇ ಹತ್ತಿ, ಅದೇ ಮೆಣಸಿನಕಾಯಿ, ಅದೇ ತುಂಗಭದ್ರೆ, ಅದೇ ಕೃಷ್ಣೆ. ಅಲ್ಲಿನ ಸರ್ಕಾರಿ ಶಾಲೆಗಳ ಬಹುತೇಕ ಮಕ್ಕಳಿಗೆ ಕನ್ನಡ ಓದಲು ಬಾರದು, ನಮ್ಮ ಮಗುವಿಗೆ ತೆಲುಗು ಓದಲು ಬಾರದು. ಕ್ಯಾಂಪಿನ ಮಕ್ಕಳಲ್ಲೂ ತೆಲುಗು ಮಾತು ಬಂದು ಲಿಪಿ ಬಾರದವರು ಉಂಟು. ಇಲ್ಲಿ ಇಂಗ್ಲಿಷ್ ಶೋಕಿಯಲ್ಲ, ಹರಿಗೋಲು. ‘ನಿಮ್ಮ ಕಡೆ ಹತ್ತಿ ಬಿಡಿಸೋಕೆ ಕೆಜಿಗೆ ಎಷ್ಟು ಕೊಡ್ತಾರೆ?’ ಎಂದು ಒಂದು ಪತ್ರ ಹೋಗಲಿ, ಉತ್ತರ ಬರಲಿ. ವರ್ತಮಾನಕಾಲ, ಪ್ರಶ್ನಾರ್ಥಕ ವಾಕ್ಯ, ಬಹುವಚನ ಎಲ್ಲ ಅದರೊಳಗೇ ಬಂತು. ಅಂಚೆಯಲ್ಲೇ ಕಳಿಸಬಹುದು, ಶಿಕ್ಷಕರ ವಾಟ್ಸ್‌ಆ್ಯಪ್‌ನಲ್ಲಿ ಹಾಳೆಯ ಫೋಟೊ ತೆಗೆದು ಕಳಿಸಿದರೂ ಆದೀತು. ಅಂಚೆಯಾದರೆ ಕಾಯುವ ಸುಖ ಹೆಚ್ಚು.

ಅಡ್ಡಿಗಳು ಇಲ್ಲವೆಂದಲ್ಲ. ಇಂಗ್ಲಿಷ್ ಕಲಿಸುವ ಶಿಕ್ಷಕರಲ್ಲೇ ಹಲವರು ಇಂಗ್ಲಿಷಿನಲ್ಲಿ ತಮ್ಮದೊಂದು ಪುಟ ಬರೆದು ವರ್ಷಗಳಾಗಿವೆ. ವರದಿ, ಡಾಟಾ ಎಂಟ್ರಿ, ಬಿಸಿಯೂಟದ ಲೆಕ್ಕಗಳ ನಡುವೆ ಅವರಿಗೆ ಬಿಡುವಿಲ್ಲ. ಅತಿ ಕಡಿಮೆ ಸಂಬಳದ ಅತಿಥಿ ಶಿಕ್ಷಕರಿಂದ ಹೆಚ್ಚು ಕೇಳುವುದು ನ್ಯಾಯವೂ ಅಲ್ಲ. ಇನ್ನು ಈಚೆಗೆ ಫೋನಿಗೆ ಹೇಳಿದರೆ ಫೋನೇ ತಪ್ಪಿಲ್ಲದ ರಜಾ ಚೀಟಿ ಬರೆದುಕೊಡುತ್ತದೆ. ಮರದ ಕೆಳಗಿನ ಬಾಂಡ್ ರೈಟರ್ ಈಗ ಜೇಬಿಗೆ ಬಂದು ಕೂತಿದ್ದಾನೆ, ಕಾಸೂ ಕೇಳುವುದಿಲ್ಲ. ಹಾಗಿರುವಾಗ ಬರೆಯಲು ಕಲಿಯಬೇಕೇಕೆ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟು: ಈ ಭಾಗಕ್ಕೆ ಮೀಸಲಾತಿ ಕೊಡುವ ಸಂವಿಧಾನದ 371ಜೆ ಕಲಮು ನಮ್ಮ ಹುಡುಗಿಗೆ ಸೀಟು ಕೊಡಿಸುತ್ತದೆ, ಆದರೆ ಆ ಕಾಲೇಜಿನ ಮೊದಲ ಪರೀಕ್ಷೆಯ ಕೊಠಡಿಯಲ್ಲಿ ಫೋನು ಹೊರಗಿಟ್ಟು ಕೂತವಳ ಪರವಾಗಿ ಯಾವ ಕಲಮೂ ಬರೆಯುವುದಿಲ್ಲ. ಕನ್ನಡ ಮಾಧ್ಯಮದಲ್ಲಿ ಒಳ್ಳೆಯ ಅಂಕ ತೆಗೆದು ಹೋದವರು ಮೊದಲ ವರ್ಷವೇ ಬ್ಯಾಗು ಕಟ್ಟಿಕೊಂಡು ಮರಳಿದ್ದನ್ನು ಈ ಭಾಗದ ಊರುಗಳು ಕಂಡಿವೆ.

ಶಿಕ್ಷಕರನ್ನು ಬದಲಿಸುವುದಕ್ಕಿಂತ ಪ್ರಶ್ನೆಪತ್ರಿಕೆಯನ್ನು ಬದಲಿಸುವುದು ಸುಲಭ. ಪರೀಕ್ಷೆ ಏನು ಕೇಳುತ್ತದೋ ತರಗತಿ ಅದನ್ನೇ ಕಲಿಸುತ್ತದೆ. ಪಾಸಿಂಗ್ ಪ್ಯಾಕೇಜ್ ಅದಕ್ಕೆ ಸಾಕ್ಷಿ. ಆಂತರಿಕ ಮೌಲ್ಯಮಾಪನದ 20 ಅಂಕಗಳಲ್ಲಿ ಐದನ್ನು, ಮಗು ಶಾಲೆಯ ಹೊರಗಿನ ಒಬ್ಬರಿಗೆ ಬರೆದು ಉತ್ತರ ಪಡೆದ ಪತ್ರಕ್ಕೆ ಮೀಸಲಿಡಲಿ. ಉತ್ತರವನ್ನೂ ಜೊತೆಗೆ ಅಂಟಿಸಲಿ. ಗೈಡಿನವರು ಪತ್ರವನ್ನು ಅಚ್ಚು ಹಾಕಿಯಾರು, ಗದ್ವಾಲದ ಹುಡುಗನ ಉತ್ತರವನ್ನು ಅಚ್ಚು ಹಾಕಲಾರರು. ಪರೀಕ್ಷಾ ಮಂಡಳಿಗೆ ಇದು ದೊಡ್ಡ ಖರ್ಚಿನ ಬಾಬತ್ತಲ್ಲ.

ಕೊನೆಗೆ ಓದುಗರಲ್ಲಿ ಒಂದು ಮಾತು. ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯಿಂದ ಹೋಗಿ ಬೆಂಗಳೂರು, ಹೈದರಾಬಾದು, ಇನ್ನೂ ದೂರದ ಊರುಗಳಲ್ಲಿ ನೆಲೆಸಿದವರು ಬಹಳ ಮಂದಿ ಇದ್ದೀರಿ. ನೀವು ಕಲಿತ ಸಾಲಿಗೆ ಫ್ಯಾನು, ಡೆಸ್ಕು ಕೊಡಿಸಿ ಗೋಡೆಯ ಮೇಲೆ ಹೆಸರು ಬರೆಸುತ್ತೀರಿ, ಸಂತೋಷ. ಅದರ ಜೊತೆಗೆ ಅಲ್ಲಿನ ಒಂದು ಮಗುವಿಗೆ ನಿಮ್ಮ ವಿಳಾಸ ಮುಟ್ಟುವಂತೆ ಮುಖ್ಯಶಿಕ್ಷಕರಿಗೆ ಕಳಿಸಿ. ಒಂದು ದಿನ ಅಲ್ಲಿಂದ ಇಂಗ್ಲಿಷಿನಲ್ಲಿ ಪತ್ರ ಬಂದೀತು. ಅದರಲ್ಲಿ ಜ್ವರದ ಸುದ್ದಿ ಇರುವುದಿಲ್ಲ, ಬಹುಶಃ ಟೇಲೆಂಡಿಗೆ ನೀರು ಬಂದ ಸುದ್ದಿ ಇರುತ್ತದೆ, ತಪ್ಪುಗಳೂ ಬೇಕಾದಷ್ಟಿರುತ್ತವೆ. ತಿದ್ದಲು ಹೋಗಬೇಡಿ, ಅದು ಮಾಸ್ತರರ ಕೆಲಸ. ಒಂದು ವಾರದೊಳಗೆ ಉತ್ತರ ಬರೆಯಿರಿ.